ಮಗಳಿಗೊಂದು ಪತ್ರ: ಇಲ್ಲೂ ಬಿ ಫಾರಂ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ಓಟರ್ ಫಾರಂನಲ್ಲಿ ಪಾರ್ಟಿ ಅನ್ನೋ ಕಡೆ ಡೆಮಾಕ್ರಟ್ ಅಂತ ತಾನೇ ಹಾಕೋದು?" ಅಂತ. ನಾನು ಮಾತು ಹಾರಿಸಿ ಊಟ ಆಯ್ತಾ ಅಂದೆ. ನಿಜ ಹೇಳಿಬಿಡುತ್ತೇನೆ. ಈಗ ನನ್ನ ಹೆಸರಿನ ಮುಂದೆ ಯಾವ ಪಾರ್ಟಿಯೂ ಇಲ್ಲ. ತೆಗೆಸಿಬಿಟ್ಟೆ. ಅಪ್ಪನನ್ನು ಬಿಟ್ಟು ಯಾರಿಗೂ ಹೇಳಿಲ್ಲ.

ನಿನಗೆ ತಿಪಟೂರಿನ ತಾತ ಗೊತ್ತಲ್ಲ, ಚುನಾವಣೆ ಬಂತೆಂದರೆ ಹೋಟೆಲಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. "ಟಿಕೆಟ್ ಯಾರಿಗಂತೆ?" ಅಂತ ಒಬ್ಬರು ಕೇಳೋದು, "ದೆಹಲಿಯಿಂದ ಬರಬೇಕು" ಅಂತ ಇನ್ನೊಬ್ಬರು ಹೇಳೋದು. ಹೈಕಮಾಂಡ್ ಯಾರಿಗೆ ಬಿ ಫಾರಂ ಕೊಟ್ಟರೆ ಅವರೇ ಅಭ್ಯರ್ಥಿ. "ಮದುವೆ ನಮ್ಮ ಮನೇದು, ಗಂಡು ನೋಡೋದು ಮಾತ್ರ ದೆಹಲಿಯವರು" ಅನ್ನುತ್ತಿದ್ದರು ತಾತ.

ಅಂಥ ಊರಿಂದ ಬಂದವಳು ನಾನು. ಅಮೆರಿಕದ ಈ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾಗೆ ಬಂದ ಮೇಲೆ ಟಿಕೆಟ್ ಯಾರಿಗೆ ಅಂತ ಇಲ್ಲಿ ನಮ್ಮನ್ನೇ ಕೇಳುತ್ತಾರೆ ಅಂತ ಗೊತ್ತಾದಾಗ ನಂಬೋದಕ್ಕೇ ಆಗಲಿಲ್ಲ. ಪಾರ್ಟಿಯ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಅಂತ ಜನರೇ ಓಟು ಹಾಕಿ ಹೇಳುವ ಪ್ರೈಮರಿ, ಅದೂ ದೇಶದಲ್ಲೇ ಮೊದಲನೆಯದು, 1920ರಿಂದ. 2019ರಲ್ಲಿ ಪಕ್ಕದ ಬೀದಿಯ ಮನೆಗೆ ಸೆನೆಟರ್ ಒಬ್ಬರು ಬಂದಿದ್ದರು, ನೆನಪಿದೆಯಾ? ಹಿಮ ಮೆತ್ತಿದ ಬೂಟು ಬಾಗಿಲಲ್ಲಿ ಬಿಚ್ಚಿಟ್ಟು, ಕಾಲುಚೀಲದಲ್ಲೇ ಹಾಲ್‌ನಲ್ಲಿ ನಿಂತಿದ್ದರು. ನೀನು ಕೈಯೆತ್ತಿ ಸ್ಕೂಲ್ ಬಸ್ಸಿನ ಬಗ್ಗೆ ಕೇಳಿದೆ. ಅವರು ಬಗ್ಗಿ, ನಿನ್ನ ಮುಖ ನೋಡಿ ಉತ್ತರ ಕೊಟ್ಟರು. ಅವತ್ತು ರಾತ್ರಿ ತಾತನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಕೊಚ್ಚಿಕೊಂಡೆ.

ಆಮೇಲೆ 2024 ಬಂತು. ನಮ್ಮ ರಾಜ್ಯದ ಬದಲು ಸೌತ್ ಕೆರೊಲಿನಾ ಮೊದಲು ಓಟು ಹಾಕಲಿ ಅಂತ ಡೆಮಾಕ್ರಟಿಕ್ ಪಾರ್ಟಿಯ ರಾಷ್ಟ್ರೀಯ ಸಮಿತಿ ತೀರ್ಮಾನಿಸಿತ್ತು. ಅಲ್ಲಿ ಹೆಚ್ಚಿರುವ ಕಪ್ಪು ಜನರ ಮಾತು ಮೊದಲು ಕೇಳಬೇಕು ಅಂದರು. ಅದು ನ್ಯಾಯವೇ, ಇಲ್ಲಿ ನಮ್ಮಂಥವರು ಎಷ್ಟು ಜನ ಇದ್ದೇವೆ ಹೇಳು. ಆದರೆ 2020ರಲ್ಲಿ ಬೈಡನ್ ಇಲ್ಲಿ ಐದನೆಯವರಾಗಿ, ಅಲ್ಲಿ ಗೆದ್ದಿದ್ದರು ಅನ್ನೋದೂ ನನಗೆ ಮರೆತಿರಲಿಲ್ಲ. ನಮ್ಮ ರಾಜ್ಯದ ಕಾನೂನು ಮೊದಲ ಪ್ರೈಮರಿ ನಮ್ಮದೇ ಇರಬೇಕು ಅನ್ನುತ್ತದೆ, ಹಾಗಾಗಿ ಇಲ್ಲಿ ಜನವರಿ 23ಕ್ಕೇ ಮತದಾನ ಇಟ್ಟರು. ಆಗ ಅಧ್ಯಕ್ಷರಾಗಿದ್ದ ಬೈಡನ್ ಬ್ಯಾಲೆಟ್ಟಿಗೆ ಹೆಸರೇ ಕೊಡಲಿಲ್ಲ. ಸಮಿತಿ ನಮ್ಮ ರಾಜ್ಯದ ಘಟಕಕ್ಕೆ ಕಾಗದ ಬರೆದು ಈ ಪ್ರೈಮರಿಗೆ ಅರ್ಥವಿಲ್ಲ, ಹಾಗಂತ ಜನಕ್ಕೂ ತಿಳಿಸಿ ಅಂದಿತು. ಅರ್ಥವಿಲ್ಲವಂತೆ! ಇಂಥ ಮಾತು ಓಟಿಗೆ ಅಡ್ಡಿ, ನಿಲ್ಲಿಸಿ ಅಂತ ರಾಜ್ಯದ ಅಟಾರ್ನಿ ಜನರಲ್ ಕಚೇರಿ ನೋಟಿಸ್ ಕಳಿಸಬೇಕಾಯಿತು.

ಮತದಾನಕ್ಕೆ ಎರಡು ದಿನ ಮುಂಚೆ, ಭಾನುವಾರ, ಫೋನ್ ಬಂತು. ಥೇಟ್ ಬೈಡನ್ ದನಿ. ಓಟು ನವೆಂಬರಿನ ಚುನಾವಣೆಗೆ ಉಳಿಸಿಕೊಳ್ಳಿ ಅಂತ. ಅದು ಎಐಯಿಂದ ಮಾಡಿದ ನಕಲಿ ದನಿ ಅಂತ ಆಮೇಲೆ ಸುದ್ದಿಯಾಯಿತು. ಮಾಡಿಸಿದವನಿಗೆ 60 ಲಕ್ಷ ಡಾಲರ್ ದಂಡವೂ ಬಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕಲಿ ದನಿ ಹೇಳಿದ್ದಕ್ಕೂ ಅಸಲಿ ಕಾಗದ ಹೇಳಿದ್ದಕ್ಕೂ ಏನು ವ್ಯತ್ಯಾಸ, ಹೇಳು?

ಆದರೂ ಹೋದೆ. ಸುಮ್ನೆ ಇರೋದಕ್ಕೆ ಆಗಲಿಲ್ಲ. ಬ್ಯಾಲೆಟ್ಟಿನಲ್ಲಿ ಇಪ್ಪತ್ತೊಂದು ಹೆಸರು, ಬೇಕಾದ ಹೆಸರೇ ಇಲ್ಲ. ಕೆಳಗಿನ ಖಾಲಿ ಗೆರೆಯ ಮೇಲೆ ಕೈಯಾರೆ ಬೈಡನ್ ಅಂತ ಬರೆದು ಪಕ್ಕದ ಪುಟ್ಟ ಸೊನ್ನೆ ತುಂಬಿದೆ. ಬರೆಯುವಾಗ ಕೋಪದಲ್ಲಿ ಪೆನ್ನು ಒತ್ತಿಹೋಗಿ ಕಾಗದ ಉಬ್ಬಿತ್ತು. ಹಾಗೆ ಬರೆದವರ ಓಟಿನಿಂದಲೇ ಅವರು ಗೆದ್ದರು, ಶೇಕಡಾ 64ರ ಹತ್ತಿರ. ಆರು ತಿಂಗಳಾಗಿತ್ತು ಅಷ್ಟೆ, ಜುಲೈ 21ಕ್ಕೆ ಅವರೇ ಸ್ಪರ್ಧೆಯಿಂದ ಹಿಂದೆ ಸರಿದರು. ಆಗಸ್ಟಿನಲ್ಲಿ ಅಭ್ಯರ್ಥಿಯಾಗಿ ಪಾರ್ಟಿಯ ಪ್ರತಿನಿಧಿಗಳು ಆನ್‌ಲೈನ್‌ನಲ್ಲೇ ಕಮಲಾ ಹ್ಯಾರಿಸ್‌ರನ್ನು ಆರಿಸಿದರು. ಚೆನ್ನೈಯಿಂದ ಬಂದ ತಾಯಿಯ ಮಗಳು. ನನಗೆ ಖುಷಿಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ, ನವೆಂಬರಿನಲ್ಲಿ ಅವರಿಗೇ ಓಟು ಹಾಕಿದೆ. ಆದರೆ ಆ ವರ್ಷ ಯಾವ ರಾಜ್ಯದ ಪ್ರೈಮರಿಯಲ್ಲೂ ಅವರು ಅಭ್ಯರ್ಥಿ ಆಗಿರಲಿಲ್ಲ. ತಾತನಿಗೆ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಿಮ್ಮಲ್ಲೂ ಬಿ ಫಾರಂ ಬಂತು ಅನ್ನು" ಅಂದರು. ಉತ್ತರ ಕೊಡಲಿಲ್ಲ.

ಎರಡು ಚಳಿಗಾಲ ಆ ಪಾರ್ಟಿಗಾಗಿ ಮನೆ ಮನೆ ಬಾಗಿಲು ತಟ್ಟಿದವಳು ನಾನು. ಸೋತಿದ್ದಕ್ಕೆ ಇಷ್ಟು ಬೇಜಾರಿಲ್ಲ. ನೀವು ಬರೆದದ್ದಕ್ಕೆ ಅರ್ಥವಿಲ್ಲ ಅಂದರಲ್ಲ, ಅದು ಇಳಿಯುತ್ತಿಲ್ಲ. ಹಾಗಂತ ಆ ಕಡೆಯ ರಿಪಬ್ಲಿಕನ್ ಪಾರ್ಟಿಗೆ ಹೋಗುವವಳೂ ಅಲ್ಲ, ಗಾಬರಿಯಾಗಬೇಡ.

ಅಪ್ಪ ಜಾಣ. ಮೊದಲಿಂದಲೂ ಅನ್‌ಡಿಕ್ಲೇರ್ಡ್. ಅಂದರೆ ಯಾವ ಪಾರ್ಟಿ ಅಂತಲೂ ಬರೆಸಿಲ್ಲ. ಪ್ರೈಮರಿ ದಿನ ಬೇಕಾದ ಪಾರ್ಟಿಯ ಬ್ಯಾಲೆಟ್ ಕೇಳಿ ತೆಗೆದುಕೊಳ್ಳುತ್ತಾರೆ. ಓಟು ಹಾಕಿ ಬರುವಾಗ ಕಾರ್ಡಿಗೆ ಸಹಿ ಮಾಡಿ ಮತ್ತೆ ಅನ್‌ಡಿಕ್ಲೇರ್ಡ್. ಗುಡಿಯಿಂದ ಬಂದು ಚಪ್ಪಲಿ ಹಾಕಿಕೊಂಡಷ್ಟು ಸಲೀಸು. ನಾನೂ ಈಗ ಅದೇ ಸಾಲಿನಲ್ಲಿ ನಿಂತಿದ್ದೇನೆ, ಸ್ವಲ್ಪ ನಾಚಿಕೆಯಿಂದಲೇ.

ನೀನು ಏನು ಹಾಕುತ್ತೀಯೋ ನನಗೆ ಹೇಳಬೇಕಿಲ್ಲ. ಆದರೆ ಈಗ ಪೌರತ್ವದ ದಾಖಲೆ ತೋರಿಸದೆ ಹೆಸರು ಸೇರಿಸುವುದಿಲ್ಲ, ಹೊಸ ಕಾನೂನು. ನಿನ್ನ ಬರ್ತ್ ಸರ್ಟಿಫಿಕೇಟ್ ನನ್ನ ಬೀರುವಿನ ಎರಡನೇ ಖಾನೆಯಲ್ಲಿ ಹಸಿರು ಫೈಲಿನಲ್ಲಿದೆ. ಶನಿವಾರ ಬಂದಾಗ ತೆಗೆದುಕೊಂಡು ಹೋಗು. ಚಕ್ಕುಲಿ ಮಾಡಿಟ್ಟಿದ್ದೇನೆ, ಅದನ್ನೂ.

ನಿನ್ನ,
ಅಮ್ಮ