ಕೊಡಸಿಗೆ ಬೀಜಕ್ಕೆ ಹೋಗಿ ಹಾಲೆ ಬೀಜ ತರಬೇಡಿ

ಮಾನ್ಯ ಸಂಪಾದಕರೇ,

ತಂಬುಳಿಗೆ ಹೂ ಒಣಗಿಸಿಡುವ ಮಲೆನಾಡಿನ ಮನೆಗಳಿಗೆ, ತೊಗಟೆ ಮದ್ದಿಗಾಗುವ ಸಣ್ಣ ಮರ ಕೊಡಸಿಗೆಯ ಪರಿಚಯ ಹೇಳಬೇಕಿಲ್ಲ. ಆದರೂ ಕೊಡಸಿಗೆ ಎಂದು ನೆಟ್ಟ ಸಸಿ ಬೆಳೆದ ಮೇಲೆ, ನೋಡಲು ಅದರಂತೆಯೇ ಇರುವ ಬೇರೆ ಮರ ಹಾಲೆಯಾಗಿರುವುದುಂಟು. ತಪ್ಪು ಆಗುವುದು ಸಸಿ ಹಂಚುವಾಗಲ್ಲ, ಬೀಜ ತರುವಾಗ. ಎರಡಕ್ಕೂ ಎದುರುಬದುರು ಎಲೆ, ಚಿವುಟಿದರೆ ಹಾಲು, ಬಿಳಿ ಹೂ, ಜೋಡಿ ಕೋಡು. ಹಾಗಾಗಿ ಹಾಲು ಬಂತೆಂದು ನಂಬಬೇಡಿ.

ಹೂವಿದ್ದಾಗಲೇ ಮರ ಗುರುತು ಹಾಕಿಡುವುದು ಒಳ್ಳೆಯದು. ಹಾಲೆ ಹೂವಿನ ನಡುವೆ ಎಳೆಎಳೆಯಾದ ಕುಚ್ಚು ಇರುತ್ತದೆ; ಕೊಡಸಿಗೆಯ ನಡು ಬರಿದು, ಕೇಸರ ಕೊಳವೆಯೊಳಗೇ ಅಡಗಿರುತ್ತದೆ. ಹಾಲೆಯ ಎಳೆ ಕೋಡುಗಳು ತುದಿಯಲ್ಲಿ ಅಂಟಿಕೊಂಡಿರುತ್ತವೆ, ಕೊಡಸಿಗೆಯವು ಬಿಡಿಬಿಡಿ, ಮೈಮೇಲೆ ಬಿಳಿ ಚುಕ್ಕೆ. ಇನ್ನೂ ಅನುಮಾನವಿದ್ದರೆ ಬಲಿತ ಕೋಡನ್ನು ಸೀಳಿ ನೋಡಿ: ಬೀಜದ ರೇಷ್ಮೆಯಂಥ ಅರಳೆ ಕೋಡಿನ ತುದಿಯ ಕಡೆಗಿದ್ದರೆ ಕೊಡಸಿಗೆ, ತೊಟ್ಟಿನ ಕಡೆಗಿದ್ದರೆ ಹಾಲೆ. ಒಣಗಿದಾಗ ನೀಲಿಗಪ್ಪಾಗುವ ಎಲೆ ಹಾಲೆಯದು. ಹಾಲೆ ಕೀಳು ಮರವೇನಲ್ಲ, ಚನ್ನಪಟ್ಟಣದ ಬೊಂಬೆಗೆ ಅದರದ್ದೇ ಕಟ್ಟಿಗೆ. ಆದರೆ ಕುಟಜದ (ಕೊಡಸಿಗೆಯ ಸಂಸ್ಕೃತ ಹೆಸರು) ತೊಗಟೆಯ ಹೆಸರಿನಲ್ಲಿ ಅದು ಅಂಗಡಿ ಸೇರುವುದು ಹಳೆಯ ಪಿಡುಗು.

ಕೋಡು ಕಂದು ತಿರುಗುತ್ತಲೇ, ಬಿರಿಯುವ ಮೊದಲು ಕೊಯ್ಯಬೇಕು. ಒಂದು ದಿನ ತಡವಾದರೂ ಬೀಜ ಗಾಳಿಪಾಲು; ದಿನಾ ಹೋಗಲಾಗದವರು ಕೋಡಿಗೆ ನೂಲು ಸುತ್ತಿಡಲಿ. ಬುಟ್ಟಿಯಲ್ಲಿ ಹಾಕಿ, ತೆಳು ಬಟ್ಟೆ ಮುಚ್ಚಿ ನೆರಳಲ್ಲಿ ಒಣಗಿಸಿ. ಅರಳೆಯನ್ನು ಉಜ್ಜಿ ತೆಗೆಯದಿದ್ದರೆ ನೀರು ಹಾಕಿದಾಗ ಬೀಜ ತೇಲಿ ಒಂದೆಡೆ ಗುಂಪಾಗುತ್ತದೆ. ಒಂದು ರಾತ್ರಿ ನೆನೆಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಅದೇ ವರ್ಷ ಬಿತ್ತಿ. ನೀರು ನಿಂತರೆ ಮೊಳಕೆಯ ಬುಡ ಕೊಳೆತು ಸಾಲುಸಾಲೇ ಮಲಗುತ್ತದೆ. ಹೂಜಿಯಿಂದ ಸುರಿಯದೆ ಚಿಮುಕಿಸಿ.

ಮಳೆ ಹಿಡಿದ ಮೇಲೆ ಒಂದೂವರೆ ಅಡಿ ಗುಂಡಿಯಲ್ಲಿ, ಹತ್ತಡಿ ಅಂತರದಲ್ಲಿ ನೆಡಬಹುದು. ಬಿಸಿಲಿರಬೇಕು, ಅಡಿಕೆ ತೋಟದ ನೆರಳಲ್ಲಿ ಸೊರಗುತ್ತದೆ. ಬೋಳು ಬೆಟ್ಟದ ಜಂಬಿಟ್ಟಿಗೆ ನೆಲವೂ ಆದೀತು. ಕಹಿಯಾದ್ದರಿಂದ ದನ ಬಾಯಿ ಹಾಕುವುದು ಅಪರೂಪ. ಬೀಜ ಸಿಗದವರು ಹಳೆಯ ಗಿಡದ ಬೇರಿನಿಂದ ಎದ್ದ ಮರಿಗಳನ್ನು ಬೇರಿನ ತುಂಡು ಸಮೇತ ಕಿತ್ತು ತರಬಹುದು.

ತೊಗಟೆ ಬೇಕಾದವರು ನಿಂತ ಮರದ ಸುತ್ತ ಸುಲಿಯದಿರಲಿ, ಹಾಗೆ ಮಾಡಿದರೆ ಮರ ಒಣಗುತ್ತದೆ. ಕೊಂಬೆ ಕಡಿದು ಅದರಿಂದ ತೆಗೆದರೆ ಕಡಿದ ಬುಡದಿಂದ ಮತ್ತೆ ಚಿಗುರು ಬರುತ್ತದೆ.

– ಸಸಿ ಬೆಳೆಸುವವರು, ಸಾಗರ ತಾಲ್ಲೂಕು