ಕುರಿ ಕದ್ದ ಅಜ್ಜಿಯ ಅಡ್ರೆಸ್ ಸಿಕ್ತು

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರ್‌ನಲ್ಲಿ ವಂಶವೃಕ್ಷ ಬರೆಸೋ ಬಗ್ಗೆ ಓದುಗರೊಬ್ರು ಪತ್ರ ಬರೆದಿದ್ರು, ಮನೆತನಕ್ಕೆ ಕೆಟ್ಟ ಹೆಸರು ತಂದೋರನ್ನ ಅದರಲ್ಲಿ ಸೇರಿಸೋ ಅಗತ್ಯ ಇಲ್ಲ ಅಂತ. ಓದಿ ನಗು ಬಂತು. ಯಾಕಂದ್ರೆ ನಾನೀಗ ಮೆಲ್ಬೋರ್ನ್‌ನಲ್ಲಿ ಮಗನ ಮನೇಲಿದೀನಿ, ಇಲ್ಲಿ ನಮ್ಮ ಬೀಗಿತ್ತಿ, ಅಂದ್ರೆ ಸೊಸೆಯ ತಾಯಿ, ಮೂರು ವರ್ಷದಿಂದ ಊಟ ನಿದ್ದೆ ಬಿಟ್ಟು ಮಾಡ್ತಿರೋ ಕೆಲಸವೇ ಅದು, ಕೆಟ್ಟ ಹೆಸರು ತಂದ ಒಬ್ಬಳನ್ನ ಹುಡುಕೋದು. ಸಿಕ್ಕಿದ ದಿನ ಕೇಕ್ ತಂದು ಎಲ್ರಿಗೂ ಹಂಚಿದ್ರು!

ಆ ಹೆಂಗಸು ಇವರ ಅಜ್ಜಿಯ ಅಜ್ಜಿ. ಐರ್ಲೆಂಡ್‌ನ ಕ್ಲೇರ್ ಕೌಂಟಿಯವಳು, 1849ರಲ್ಲಿ ಒಂದು ಕುರಿ ಕದ್ದಳು ಅಂತ 7 ವರ್ಷ ಗಡಿಪಾರು ಶಿಕ್ಷೆ ಆಗಿ ಟಾಸ್ಮೇನಿಯಾಗೆ (ಆಗ ಅದಕ್ಕೆ ವ್ಯಾನ್ ಡೀಮನ್ಸ್ ಲ್ಯಾಂಡ್ ಅಂತಿದ್ರು) ಹಡಗಲ್ಲಿ ಬಂದೋಳು. 1788ರಿಂದ 1868ರವರೆಗೆ ಬ್ರಿಟಿಷರು ಆಸ್ಟ್ರೇಲಿಯಾಗೆ ಸುಮಾರು 1 ಲಕ್ಷ 62 ಸಾವಿರ ಕೈದಿಗಳನ್ನ ಸಾಗಿಸಿದ್ರು, ಅದರಲ್ಲಿ ಹೆಂಗಸರೇ 25 ಸಾವಿರದ ಹತ್ರ ಹತ್ರ. 1849 ಅಂದ್ರೆ ಐರ್ಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರ ಬಂದು ನಾಲ್ಕು ವರ್ಷ ಆಗಿತ್ತು, ಆ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ರು, ಬಾಡಿಗೆ ಕಟ್ಟೋಕಾಗ್ದೇ ಇದ್ದೋರ ಗುಡಿಸಲನ್ನ ಜಮೀನ್ದಾರ್ರು ಕೆಡವಿಸಿ ಬೀದಿಗೆ ಹಾಕ್ತಿದ್ರು. ಇಲ್ಲಿದ್ದು ಸಾಯೋದಕ್ಕಿಂತ ಹಡಗು ಹತ್ತೋದೇ ಮೇಲು ಅಂತ ಬೇಕಂತಲೇ ಬಣವೆಗೆ ಬೆಂಕಿ ಹಚ್ಚಿ ಸಿಕ್ಕಿಬೀಳ್ತಿದ್ದ ಹೆಂಗಸರೂ ಇದ್ರಂತೆ. ನಮ್ಮ ಈ ಅಜ್ಜಿ ಹಸಿವಿಗೆ ಕದ್ದಳೋ ಹಡಗಿಗೆ ಅಂತ ಕದ್ದಳೋ, ಕಾಗದದಲ್ಲಿ ಬರೀ 'ಕುರಿ' ಅಂತಿದೆ.

ಬೀಗಿತ್ತಿ ಮನೇಲಿ ನಡ್ಕೊಂಡು ಬಂದಿದ್ದ ಕತೆ ಬೇರೇನೇ ಇತ್ತು. ಅಜ್ಜಿಯ ಅಜ್ಜಿ ದೊಡ್ಡ ಮನೆತನದ ಮಕ್ಕಳಿಗೆ ಪಾಠ ಹೇಳೋಕೆ ಬಂದ ಟೀಚರ್ ಅಂತ ಎಲ್ರೂ ನಂಬಿದ್ರು. ಸುಳ್ಳು ಹೇಳೋಕೆ ಕಾರಣಾನೂ ಇತ್ತು ಬಿಡಿ. ವಿಕ್ಟೋರಿಯಾದಲ್ಲಿ (ಮೆಲ್ಬೋರ್ನ್ ಇರೋದು ಇದರಲ್ಲೇ) ಚಿನ್ನ ಸಿಕ್ಕಿದ್ದು 1851ರಲ್ಲಿ, ಟಾಸ್ಮೇನಿಯಾದಿಂದ ಹಳೇ ಕೈದಿಗಳೆಲ್ಲ ಸಮುದ್ರ ದಾಟಿ ಈ ಕಡೆ ಬರೋಕೆ ಶುರು ಮಾಡಿದ್ರು, ಅವರನ್ನ ತಡೆಯೋಕೆ ಅಂತಲೇ 1852ರಲ್ಲಿ ಇಲ್ಲಿ ಒಂದು ಕಾನೂನು ಮಾಡಿದ್ರು, ಅಷ್ಟೇ ಅಲ್ಲ ಆ ದ್ವೀಪದವರು ಕೈದಿಗಳ ಕಳಂಕ ಹೋಗ್ಲಿ ಅಂತ 1856ರಲ್ಲಿ ತಮ್ಮ ನಾಡಿನ ಹೆಸರನ್ನೇ ಬದಲಾಯಿಸಿ ಟಾಸ್ಮೇನಿಯಾ ಅಂತ ಇಟ್ಕೊಂಡ್ರು. ನಾಡೇ ಹೆಸರು ಬದಲಾಯಿಸ್ಕೊಂಡ ಮೇಲೆ ಒಂದು ಹೆಂಗಸು ಕತೆ ಬದಲಾಯಿಸ್ಕೊಂಡಿದ್ರಲ್ಲಿ ಏನು ದೊಡ್ಡ ತಪ್ಪು.

ಆದ್ರೆ ಸಿಕ್ಕಿಬಿದ್ದಳು, ಸತ್ತ ಮೇಲೆ. ವಿಕ್ಟೋರಿಯಾದ ಹಳೇ ಮರಣ ಪತ್ರಗಳಲ್ಲಿ ಅಪ್ಪ ಅಮ್ಮನ ಹೆಸರು, ಹುಟ್ಟಿದೂರು, ಮದುವೆ ಎಲ್ಲಾಯ್ತು, ಈ ಸೀಮೆಗೆ ಬಂದು ಎಷ್ಟು ವರ್ಷ ಅಂತೆಲ್ಲ ಕಾಲಂ ಇರ್ತವೆ. ಮಾಹಿತಿ ಕೊಟ್ಟೋನು ಮಗ. ಎಲ್ಲ ಕಡೆ ಹುಷಾರಾಗಿ ಹೇಳಿ ಮದುವೆ ಕಾಲಂಗೆ ಬಂದಾಗ 'ಹೋಬಾರ್ಟ್' ಅಂದುಬಿಟ್ಟಿದಾನೆ, ಅದು ಟಾಸ್ಮೇನಿಯಾದ ರಾಜಧಾನಿ! ಬೀಗಿತ್ತಿ ಅಲ್ಲಿಂದ ಹಿಡ್ಕೊಂಡ್ರು. ಕೈದಿಗಳು ಮದುವೆ ಆಗ್ಬೇಕಂದ್ರೆ ಸರ್ಕಾರದ ಪರ್ಮಿಶನ್ ಬೇಕಿತ್ತು, ಆ ರಿಜಿಸ್ಟರ್‌ನಲ್ಲಿ ಗಂಡು ಹೆಣ್ಣಿನ ಹೆಸರಿನ ಜೊತೆ ಯಾವ ಹಡಗಲ್ಲಿ ಬಂದ್ರು ಅಂತಾನೂ ಬರೀತಿದ್ರು. ಹಡಗು ಸಿಕ್ರೆ ಅರ್ಧ ಕೆಲಸ ಮುಗೀತು. ಹಡಗಿನ ಪಟ್ಟಿಲಿದ್ದ ಅಪ್ಪನ ಹೆಸರು ಅಮ್ಮನ ಹೆಸರು ಮರಣ ಪತ್ರದ ಜೊತೆ ತಾಳೆ ಆಯ್ತು, ಇಬ್ಬರು ಅಣ್ಣತಮ್ಮಂದಿರ ಹೆಸರನ್ನ ತನ್ನ ಗಂಡು ಮಕ್ಕಳಿಗೆ ಇಟ್ಟಿದ್ದಳು ಅಂತಾನೂ ಗೊತ್ತಾಯ್ತು. ಬರೀ ಹೆಸರು ನೋಡಿ ಇವಳೇ ಅಂದ್ಕೊಂಡ್ರೆ ಕೆಟ್ಟಿರಿ, ಮೇರಿ, ಬ್ರಿಜೆಟ್ ಅನ್ನೋರು ನೂರಾರು ಜನ ಇದ್ರು, ಓದು ಬರಹ ಬಾರದೋರು ಬಾಯಲ್ಲಿ ಹೇಳಿದ್ದನ್ನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಗೀಚ್ಕೊಂಡಿದಾರೆ. ಆ ಗೀಚು ಓದೋಕೆ ನಾನೇ ಬೇಕಾಯ್ತು, ಇಂಗ್ಲಿಷ್ ಕಾಪಿ ಪುಸ್ತಕ ತಿದ್ದಿ ಮೂವತ್ತು ವರ್ಷ ಕಣ್ಣು ಹಾಳು ಮಾಡ್ಕೊಂಡಿದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಟಾಸ್ಮೇನಿಯಾದ ಹಳೇ ಕೈದಿ ದಾಖಲೆಗಳನ್ನ ಮನೇಲೇ ಕೂತು ದುಡ್ಡು ಕೊಡದೆ ನೋಡಬಹುದು. ಆ ಪುಟ ತೆಗೆದಾಗ ನಂಗೆ ಮೈ ಜುಮ್ ಅಂತು. ಎತ್ತರ 5 ಅಡಿ ಅರ್ಧ ಇಂಚು, ಮುಖದ ತುಂಬ ಚುಕ್ಕೆ, ಎಡಗೈಲಿ ಗಾಯದ ಕಲೆ, ಕ್ಯಾಥೊಲಿಕ್, ಸ್ವಲ್ಪ ಓದ್ತಾಳೆ ಬರೆಯೋಕೆ ಬರಲ್ಲ. ಅದರ ಕೆಳಗೆ ಇಲ್ಲಿಗೆ ಬಂದ ಮೇಲಿನ ತಪ್ಪುಗಳು. ಹೇಳದೆ ರಾತ್ರಿ ಹೊರಗೆ ಹೋದಳು. ಕೆಲಸಕ್ಕಿದ್ದ ಮನೆ ಯಜಮಾನಿಗೆ ಎದುರು ಮಾತಾಡಿದಳು, ಅದಕ್ಕೆ ಹತ್ತು ದಿನ ಒಂಟಿ ಕೋಣೆ. ಎದುರು ಮಾತಾಡಿದ್ದು ಓದಿ ನಮ್ಮ ಸೊಸೆ ಚಪ್ಪಾಳೆ ತಟ್ಟಿದಳು, ನಾನು ಸುಮ್ನಿದ್ದೆ.

ಹೋಬಾರ್ಟ್‌ಗೆ ಹೋಗಿ ಕ್ಯಾಸ್ಕೇಡ್ಸ್ ಫೀಮೇಲ್ ಫ್ಯಾಕ್ಟರಿನೂ ನೋಡ್ಕೊಂಡು ಬಂದ್ವಿ. ಹೆಸರು ಫ್ಯಾಕ್ಟರಿ, ಇದ್ದಿದ್ದು ಹೆಂಗಸರ ಜೈಲು, 1828ರಲ್ಲಿ ಶುರುವಾಗಿದ್ದು, ಈಗ ವಿಶ್ವ ಪರಂಪರೆ ಪಟ್ಟಿಲಿದೆ. ಬೆಟ್ಟದ ಬುಡ, ಬಿಸಿಲು ಸರಿಯಾಗಿ ಬೀಳದ ಜಾಗ, ಊರಿನವರ ಬಟ್ಟೆ ಒಗೆಯೋದೇ ಶಿಕ್ಷೆ, ಅಲ್ಲಿ ಹುಟ್ಟಿದ ಕೂಸುಗಳು ತುಂಬಾ ಸತ್ತೋಗಿವೆ. ಈಗ ಹೆಚ್ಚಿಗೆ ಉಳಿದಿರೋದು ಕಲ್ಲಿನ ಗೋಡೆಗಳೇ.

ನಾನು ಪತ್ರ ಬರೆಯೋಕೆ ಕೂತಿದ್ದು ಇನ್ನೊಂದು ಮಾತಿಗೆ. ಐರ್ಲೆಂಡ್‌ನ ಮರ್ಯಾದಸ್ಥರ ದಾಖಲೆ, ಅಂದ್ರೆ 1821ರಿಂದ 1851ರವರೆಗಿನ ನಾಲ್ಕು ಜನಗಣತಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿಟ್ಟಿದ್ರು, 1922ರ ಜೂನ್‌ನಲ್ಲಿ ಅಂತರ್ಯುದ್ಧದ ಹೊತ್ತಲ್ಲಿ ಅದು ಹೊತ್ತಿ ಉರಿದು ಚೂರುಪಾರು ಬಿಟ್ರೆ ಎಲ್ಲ ಬೂದಿ. ಅಲ್ಲಿ ಎಲ್ರ ಜನನ ನೋಂದಣಿ ಶುರುವಾಗಿದ್ದೂ 1864ಕ್ಕೆ. ಆದ್ರೆ 1836ರ ಮೇಲಿನ ಗಡಿಪಾರು ರಿಜಿಸ್ಟರ್‌ಗಳು ಡಬ್ಲಿನ್ ಕೋಟೇಲಿ ಬೇರೆ ಕಡೆ ಇದ್ದಿದ್ರಿಂದ ಉಳ್ಕೊಂಡ್ವು, ಅವುಗಳ ಕಾಪಿನ 1988ರಲ್ಲಿ ಐರ್ಲೆಂಡ್ ಸರ್ಕಾರ ಆಸ್ಟ್ರೇಲಿಯಾಗೆ ಉಡುಗೊರೆ ಕೊಡ್ತು. ಕ್ಲೇರ್‌ನಲ್ಲಿ ಇವಳ ಪಕ್ಕದ ಗುಡಿಸಲಿನಲ್ಲಿ ಏನೂ ಕದೀದೆ ಹಸಿದು ಸತ್ತವಳ ಹೆಸರು ಯಾವ ಕಾಗದದಲ್ಲೂ ಸಿಗೋದು ಡೌಟು. ಕದ್ದವಳದ್ದು ಕೈ ಮೇಲಿನ ಕಲೆ ಸಮೇತ ಇದೆ. ಸರ್, ನಿಮ್ಮ ಓದುಗರು ಹೇಳಿದ ಹಾಗೆ ಕೆಟ್ಟ ಹೆಸರಿನವಳನ್ನ ಬಿಟ್ಟಿದ್ರೆ ಬೀಗಿತ್ತಿ ಕೈಲಿ ಏನು ಉಳೀತಿತ್ತು?

ಆಮೇಲೆ ಅವರು ನನ್ನನ್ನೂ ಕೇಳಿದ್ರು, ನಿಮ್ಮ ಅಜ್ಜಿಯ ಅಜ್ಜಿ ಹೆಸರೇನು ಅಂತ. ಗೊತ್ತಿಲ್ಲ. ನಮ್ಮ ವಂಶವೃಕ್ಷದಲ್ಲಿ ಏಳು ತಲೆಮಾರಿದೆ, ಒಂದು ಹೆಂಗಸಿಲ್ಲ. ಹರಿಹರದಲ್ಲಿರೋ ಸೋದರಮಾವನಿಗೆ ಫೋನ್ ಮಾಡಿದೆ, ಸುಗ್ಗಿ ಹೊತ್ತಿಗೆ ವಂಶಾವಳಿ ಹೇಳೋ ಹೆಳವರು ಬರ್ತಾರಲ್ಲ, ಅವರ ಪುಸ್ತಕದಲ್ಲಿ ಹೆಂಗಸರನ್ನ ಬರ್ಕೊಂಡಿದಾರಾ ಕೇಳಿ ನೋಡ್ತೀನಿ ಅಂದ.

ಪತ್ರ ಉದ್ದ ಆಯ್ತು, ಜಾಗ ಸಾಲದಿದ್ರೆ ನನ್ನ ಕಣ್ಣಿನ ಪುರಾಣ ಕತ್ತರಿಸಿ, ಕುರಿ ಮಾತ್ರ ಮುಟ್ಬೇಡಿ.

ಇಂತಿ,
ನಿವೃತ್ತ ಟೀಚರ್, ದಾವಣಗೆರೆ (ಸದ್ಯ ಮೆಲ್ಬೋರ್ನ್)