ಎರಡನೇ ಸಲ ಹಾಡಿದ ಅಜ್ಜನಿಗೆ

ಶಿರಾ ಸೀಮೆಯ ಗೊಲ್ಲರಹಟ್ಟಿಯೊಂದರಲ್ಲಿ ಆರು ವರ್ಷಗಳ ಹಿಂದೆ ಆರಂಭಿಸಿದ್ದ ಕೆಲಸ, ದನಕುರಿ ಸಾಕುವ ಕಾಡುಗೊಲ್ಲರ ದೈವ ಜುಂಜಪ್ಪನ ಹಾಡುಕಾವ್ಯವನ್ನು ಕೇಳಿ ಬರೆದುಕೊಳ್ಳುವುದು, ಕಳೆದ ವಾರ ಮುಗಿಯಿತು. ಮುಗಿಸಿದವನು ನಾನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಹಾಡಿದವರು, ತಿದ್ದಿದವರು, ಹೊತ್ತುಹೊತ್ತಿಗೆ ಉಣ್ಣಲಿಕ್ಕಿದವರು ಬೇರೆಯೇ ಇದ್ದಾರೆ. ಅವರ ಇಚ್ಛೆಯಂತೆ ಹೆಸರುಗಳನ್ನು ಬರೆಯುತ್ತಿಲ್ಲ.

ಮೊದಲ ವಂದನೆ ಗಣೆಯ ಅಜ್ಜನಿಗೆ. ಉದ್ದನೆಯ ಬಿದಿರಿನ ಕೊಳಲಾದ ಗಣೆಯನ್ನು ಊದಿ, ನಿಲ್ಲಿಸಿ, ಪದ ಹೇಳಿ, ಮತ್ತೆ ಊದುತ್ತ ಇರುಳಿಡೀ ಸಾಗುವ ಹಾಡಿಕೆ ಇದು. ಜುಂಜಪ್ಪ, ಅವನ ನೆಚ್ಚಿನ ಹೋರಿ ಬಡಮೈಲ, ಅವನ ಜೀವಕ್ಕೆ ಹೊಂಚುಹಾಕುವ ಸೋದರಮಾವಂದಿರು, ಇವರೆಲ್ಲರೂ ಚಿತ್ರದುರ್ಗ, ತುಮಕೂರು ಸೀಮೆಗಳ ಹಟ್ಟಿಗಳಲ್ಲಿ ನೆರೆಮನೆಯವರಷ್ಟೇ ಪರಿಚಿತರು. ನಾಲ್ಕು ವರ್ಷಗಳ ಧ್ವನಿಮುದ್ರಣವೆಲ್ಲ ನನ್ನ ಅಜಾಗರೂಕತೆಯಿಂದ ಒಂದೇ ದಿನ ಅಳಿಸಿಹೋದಾಗ, ಮುಖ ತೋರಿಸಲಾಗದೆ ಎರಡು ತಿಂಗಳು ಹಟ್ಟಿಯತ್ತ ಸುಳಿಯಲಿಲ್ಲ. ಕೊನೆಗೆ ಹೋಗಿ ಹೇಳಿದಾಗ ಅಜ್ಜ, "ಕುರಿ ಬಯಲಿಂದ ಬರ್ಲಿ, ರಾತ್ರಿಗೆ ಕುಂತ್ಕೊಳಾನ" ಎಂದಷ್ಟೇ ಹೇಳಿದರು.

ಎರಡನೇ ಹಾಡಿಕೆ ಮೊದಲಿನದರಂತಿರಲಿಲ್ಲ. ನನ್ನ ಹಳೆಯ ಟಿಪ್ಪಣಿಯಲ್ಲಿ ಅರ್ಧ ಪುಟದಷ್ಟಿದ್ದ ಜುಂಜಪ್ಪನ ಹುಟ್ಟಿನ ಭಾಗ ಈ ಸಲ ಕೋಳಿ ಕೂಗುವವರೆಗೂ ಬೆಳೆಯಿತು. ಹಳೆಯ ಪಾಠವೇ ಸರಿಯೆಂದು ಹಟ ಹಿಡಿದಿದ್ದ ನನಗೆ, ಅಜ್ಜನ ಸೊಸೆಯಾದ ಅಕ್ಕ ಹೇಳಿದ್ದು ಇಷ್ಟು: "ಅವತ್ತು ನೀನೊಬ್ಬನೇ ಕೇಳ್ತಿದ್ದೆ ಕಣಪ್ಪ, ಇವತ್ತು ಹೆಣ್ಮಕ್ಕಳೆಲ್ಲ ಕುಂತಿದ್ವಿ." ಕೇಳುವವರನ್ನು ನೋಡಿ ಕಾವ್ಯ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬುದನ್ನು ಜಾನಪದದ ತರಗತಿಯಲ್ಲಿ ಓದಿ ಪರೀಕ್ಷೆಯನ್ನೂ ಬರೆದಿದ್ದವನು ನಾನು, ಅದು ಅರ್ಥವಾದದ್ದು ಆ ಜಗಲಿಯ ಮೇಲೆ. ದನಗಳ ಬಣ್ಣ, ಕೊಂಬು, ನಡಿಗೆಗಳಿಗಿರುವ ಮಾತುಗಳನ್ನು ನಾನು ತಪ್ಪುತಪ್ಪಾಗಿ ಬರೆದುಕೊಂಡಿದ್ದಾಗ, ಸಾಲುಸಾಲಾಗಿ ತಿದ್ದಿಸಿದವರೂ ಆ ಅಕ್ಕನೇ. ಅವರಿಗೆ ಓದು ಬರುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನೂ, ಅವರ ಹಾಡುಗಳನ್ನು ತಾಳ್ಮೆಯಿಂದ ಸಂಗ್ರಹಿಸಿದ ಕೃಷ್ಣಮೂರ್ತಿ ಹನೂರರನ್ನೂ ನೆನೆಯದಿದ್ದರೆ ತಪ್ಪಾದೀತು. ಹಟ್ಟಿಯ ಹಾದಿ ನನಗೆ ಕಂಡದ್ದೇ ಅವರಿಂದ. ಖರ್ಚಿಗೆ ಸಾಲ ಕೊಟ್ಟು ಮರೆತಂತೆ ನಟಿಸಿದ ಸ್ನೇಹಿತರಿಗೂ ನಮಸ್ಕಾರ.

ಕರಡು ಪ್ರತಿಯನ್ನು ಕಳೆದ ಭಾನುವಾರ ಅಜ್ಜನಿಗೆ ಓದಿ ಹೇಳಿದೆ. ಮೂರನೇ ಪುಟದಲ್ಲೇ ತಡೆದು, ಗಣೆ ಎತ್ತಿಕೊಂಡು ಅದೇ ಭಾಗವನ್ನು ಬೇರೊಂದು ಬಗೆಯಲ್ಲಿ ಹಾಡಿದರು. ಅಂಚಿನಲ್ಲಿ ಬರೆದುಕೊಂಡಿದ್ದೇನೆ, ಅಕ್ಷರ ಜೋಡಿಸುತ್ತಿರುವ ಗೆಳೆಯನ ಕ್ಷಮೆಯನ್ನೂ ಇಲ್ಲಿಯೇ ಕೇಳುತ್ತೇನೆ.